ತಣ್ಣನೆಯ ಕಾಫಿ: ದೋಷ ಲೋಟದ್ದೋ, ಬೀಜದ್ದೋ?

ಕಳೆದ ಮೇ ತಿಂಗಳಿನ ಒಂದು ಭಾನುವಾರ ನಮ್ಮ ಸಂಘದ ಸಭೆಯಲ್ಲಿ ಸದಸ್ಯರಿಗೆ ತಣ್ಣನೆಯ ಕಾಫಿ ಕೊಡಲಾಯಿತು. ದೆಹಲಿಯ ಮೇ ತಿಂಗಳೆಂದರೆ ಏನೆಂಬುದನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾದ್ದಿಲ್ಲ. ನಲ್ಲಿಯ ನೀರನ್ನು ಹಾಗೆಯೇ ಫಿಲ್ಟರಿಗೆ ಹೊಯ್ಯಬಹುದೇನೋ ಎನ್ನುವಷ್ಟು ಕಾದಿರುತ್ತದೆ. ಅಂಥ ದಿನ ಬಿಸಿ ಕಾಫಿಯ ಬದಲು ತಣ್ಣನೆಯದು ಇರಲಿ ಎಂದು ಎಳೆಯರು ಸೂಚಿಸಿದ್ದು ತಪ್ಪೇನೂ ಅಲ್ಲ. ತಪ್ಪಾದದ್ದು ಆಮೇಲೆ. ಬೆಳಿಗ್ಗೆ ಏಳಕ್ಕೆ ಇಳಿಸಿಟ್ಟ ಡಿಕಾಕ್ಷನ್ನನ್ನೇ ಸಂಜೆ ಐದಕ್ಕೆ ಐಸು, ಹಾಲು, ಸಕ್ಕರೆಗಳೊಡನೆ ಕಲಸಿ ಲೋಟಗಳಿಗೆ ಸುರಿದರು. ಮೊದಲ ಗುಟುಕಿಗೆ ಕಹಿ, ಎರಡನೆಯದಕ್ಕೆ ಒಗರು, ಮೂರನೆಯದಕ್ಕೆ ಬರೀ ಹಾಲುನೀರು. ಲೋಟದ ತಳದಲ್ಲಿ ಕರಗದ ಸಕ್ಕರೆ.

ಹಿರಿಯ ಸದಸ್ಯರೊಬ್ಬರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟು, "ಕಾಫಿ ಆರಿದ ಮೇಲೆ ಅದು ಕಾಫಿಯಲ್ಲ ಕಣ್ರಪ್ಪ, ಕಾಫಿಯ ತಿಥಿ" ಎಂದರು. ಎಲ್ಲರೂ ನಕ್ಕರು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮಾತ್ರ ನಗದೆ, "ಇದು ಕೋಲ್ಡ್ ಬ್ರೂ ಅಲ್ಲವೇ ಅಲ್ಲ ಅಂಕಲ್. ನೀವು ಕುಡಿದದ್ದು ಹಳಸಲು" ಎಂದಳು. ಮಾತಿಗೆ ಮಾತು ಬೆಳೆಯಿತು. ಮುಂದಿನ ತಿಂಗಳ ಸಭೆಗೆ ಐದಾರು ಮಂದಿ ಎಳೆಯರು ಬರಲಿಲ್ಲ. ಆ ಹುಡುಗಿ ನಮ್ಮ ಮಗಳೇ ಎಂಬುದನ್ನು ಓದುಗರಿಂದ ಮುಚ್ಚಿಡುವುದು ಸರಿಯಲ್ಲ. ಆ ಹೊತ್ತು ನಾವು ಹಿರಿಯರ ಪಕ್ಷದಲ್ಲಿ ನಿಂತು ನಕ್ಕೆವೆಂಬುದನ್ನೂ ಹೇಳಿಬಿಡಬೇಕು.

ನಾವು ಬಿ.ಎಸ್ಸಿ. ಓದಿದವರೆಂಬ ಒಂದೇ ಕಾರಣಕ್ಕೆ, ಈ ವ್ಯಾಜ್ಯದ ಸತ್ಯಾಸತ್ಯತೆಯನ್ನು ಪರಿಶೀಲಿಸಿ ಬರೆಯಬೇಕೆಂದು ಸಂಪಾದಕರಿಂದ ಅಪ್ಪಣೆಯಾಯಿತು. ನಮ್ಮ ಪದವಿಯಿಂದ ಕಚೇರಿಯ ಕಡತಗಳಿಗೆ ಈವರೆಗೆ ಆದ ಉಪಯೋಗ ಅಷ್ಟಕ್ಕಷ್ಟೆ. ಕಾಫಿಗಾದರೂ ಆಗಲಿ ಎಂದು ಒಪ್ಪಿಕೊಂಡೆವು. ನಾಲ್ಕು ಭಾನುವಾರ, ಅಡಿಗೆಮನೆಯ ತಕ್ಕಡಿ, ಒಂದು ಥರ್ಮಾಮೀಟರು, ಬೇರೆ ಬೇರೆ ಬೀಜ. ತೀರ್ಪುಗಾರರು ನಮ್ಮ ಮನೆಯವರು, ಮಗಳು ಮತ್ತು ಎದುರು ಕ್ವಾರ್ಟರ್ಸಿನ ತಮಿಳು ಮಿತ್ರರು. ಕಾಫಿಯ ವಿಷಯದಲ್ಲಿ ಇವರು ಮೂವರೂ ದಾಕ್ಷಿಣ್ಯಕ್ಕೆ ಒಳಗಾಗುವವರಲ್ಲ.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ತಣ್ಣನೆಯ ಕಾಫಿ ಎಂಬುದು ಒಂದು ಪದಾರ್ಥವಲ್ಲ. ತಣ್ಣೀರಲ್ಲಿ ನೆನೆಸಿದ್ದು, ತಣ್ಣೀರು ಹನಿಸಿ ಇಳಿಸಿದ್ದು, ಬಿಸಿಯಾಗಿ ಇಳಿಸಿ ತಕ್ಷಣ ಐಸಿನ ಮೇಲೆ ಬೀಳಿಸಿದ್ದು, ಡಿಕಾಕ್ಷನ್ನನ್ನು ಆರಿಸಿ ತಣ್ಣನೆಯ ಹಾಲು ಬೆರೆಸಿದ್ದು: ಇವು ನಾಲ್ಕೂ ಬೇರೆ ಬೇರೆ. ಅನ್ನ, ಗಂಜಿ, ಚಿತ್ರಾನ್ನ, ತಂಗಳು ಎಲ್ಲವೂ ಅಕ್ಕಿಯಿಂದಲೇ ಬಂದರೂ ಒಂದಕ್ಕೆ ಆಗುವ ಅಕ್ಕಿ ಇನ್ನೊಂದಕ್ಕೆ ಆಗುವುದಿಲ್ಲ. ಸೋನಾ ಮಸೂರಿಯಲ್ಲಿ ಇಡ್ಲಿ ಮಾಡಿ ಕೆಟ್ಟಿತೆಂದರೆ ಇಡ್ಲಿಯನ್ನು ಬೈಯುವುದು ನ್ಯಾಯವಲ್ಲ. ತಣ್ಣನೆಯ ಕಾಫಿಗೆ ನಮ್ಮ ಹಿರಿಯರು ಮಾಡಿದ ಅನ್ಯಾಯ ಇದೇ. ಇನ್ನು ಹೋಟೆಲುಗಳಲ್ಲಿ ಇನ್‌ಸ್ಟಂಟ್ ಪುಡಿ, ಹಾಲು, ಐಸ್‌ಕ್ರೀಮುಗಳನ್ನು ಕಡೆದು ಕೊಡುವ 'ಕೋಲ್ಡ್ ಕಾಫಿ'ಯೂ, ೨೦೨೦ರ ಲಾಕ್‌ಡೌನಿನಲ್ಲಿ ಮನೆಮನೆಯಲ್ಲಿ ನೊರೆಯೆದ್ದ ಡಲ್ಗೋನವೂ ಸಿಹಿತಿಂಡಿಗಳ ಪಂಕ್ತಿಗೆ ಸೇರತಕ್ಕವು. ಅವು ನಮ್ಮ ವಿಮರ್ಶೆಯ ಹೊರಗೆ.

ವ್ಯತ್ಯಾಸ ಎಲ್ಲಿಂದ ಬರುತ್ತದೆ? ನೀರಿನ ಶಾಖದಿಂದ. ಹುರಿದ ಕಾಫಿಪುಡಿಯಲ್ಲಿ ನೀರಿಗೆ ಬಿಡುವ ಅಂಶ ತೂಕದ ಶೇಕಡಾ ೩೦ರ ಆಸುಪಾಸು. ಅದರಲ್ಲಿ ಶೇಕಡಾ ೧೮ರಿಂದ ೨೨ರಷ್ಟು ಇಳಿದರೆ ಹದವೆಂಬುದು ರುಚಿ ನೋಡುವವರ ಲೆಕ್ಕ. ಬಿಸಿನೀರು ಅವಸರದ ಅತಿಥಿಯಂತೆ ಪರಿಮಳ, ಹುಳಿ, ಕಹಿ ಎಲ್ಲವನ್ನೂ ನಿಮಿಷಗಳಲ್ಲಿ ಹೊರಡಿಸುತ್ತದೆ. ತಣ್ಣೀರು ನಿಧಾನ, ಪರಿಮಳದ ಅಂಶಗಳೂ ಕೆಲವು ಆಮ್ಲಗಳೂ ಪೂರ್ತಿಯಾಗಿ ಇಳಿಯುವುದೇ ಇಲ್ಲ. ಆದರೆ ಕೆಫೀನಿನ ವಿಷಯ ಬೇರೆ. ಕುದಿಯುವ ಒಂದು ಲೀಟರ್ ನೀರಿನಲ್ಲಿ ಸುಮಾರು ೬೬೦ ಗ್ರಾಂ ಕೆಫೀನ್ ಕರಗಿದರೆ, ೨೫ ಡಿಗ್ರಿಯ ನೀರಿನಲ್ಲಿ ಸುಮಾರು ೨೨ ಗ್ರಾಂ ಮಾತ್ರ ಕರಗುತ್ತದೆ. ಆದುದರಿಂದ ತಣ್ಣೀರ ಕಾಫಿಯಲ್ಲಿ ಕೆಫೀನ್ ಇರದೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ೨೦ ಗ್ರಾಂ ಪುಡಿಯಲ್ಲಿ ಇರುವ ಕೆಫೀನೇ ಕಾಲು ಗ್ರಾಮಿನಷ್ಟು. ಅದನ್ನು ಕರಗಿಸಲು ಒಂದು ಲೋಟ ತಣ್ಣೀರು ಧಾರಾಳವಾಗಿ ಸಾಕು. ಬೇಕಾದದ್ದು ಸಮಯವೊಂದೇ.

ಈಗ ಒಂದೊಂದನ್ನೇ ನೋಡೋಣ.

ಮೊದಲನೆಯದು ನೆನೆಸುವ ವಿಧಾನ, ಹುಡುಗರು ಕೋಲ್ಡ್ ಬ್ರೂ ಎನ್ನುವುದು. ಇದನ್ನು ಮನೆಬಳಕೆಗೆ ತಂದವರಲ್ಲಿ ಅಮೆರಿಕದ ಟಾಡ್ ಸಿಂಪ್ಸನ್ ಎಂಬ ರಸಾಯನ ಎಂಜಿನಿಯರಿಂಗ್ ಪದವೀಧರರು ಪ್ರಮುಖರು. ೧೯೬೪ರಲ್ಲಿ ಅವರು ಸಿದ್ಧಪಡಿಸಿದ ಪಾತ್ರೆ ಇಂದಿಗೂ ಮಾರಾಟವಾಗುತ್ತಿದೆ. ನಮಗೆ ಆ ಪಾತ್ರೆಯ ಅಗತ್ಯವಿಲ್ಲ. ಉಪ್ಪಿನಕಾಯಿಯ ವಾಸನೆ ಹೋಗುವಂತೆ ತೊಳೆದ ಗಾಜಿನ ಜಾಡಿ ಸಾಕು. ೧೦೦ ಗ್ರಾಂ ಪುಡಿಗೆ ೮೦೦ ಮಿಲಿಲೀಟರ್ ನೀರು ಹಾಕಿ, ಕಲಕಿ, ಮುಚ್ಚಿ, ಫ್ರಿಜ್ಜಿನಲ್ಲಿ ಹದಿನಾಲ್ಕು ಹದಿನಾರು ಗಂಟೆ ಇಟ್ಟು, ತೆಳುವಾದ ಬಿಳಿ ಬಟ್ಟೆಯಲ್ಲಿ ಹಿಂಡದೆ ಸೋಸಬೇಕು. ಪುಡಿ ಬನ್ಸಿ ರವೆಯಷ್ಟು ತರಿಯಾಗಿರಬೇಕು. ಫಿಲ್ಟರಿಗೆ ಬಳಸುವ ನುಣ್ಣನೆಯ ಪುಡಿಯಾದರೆ ಬಟ್ಟೆ ಕಟ್ಟಿಕೊಳ್ಳುತ್ತದೆ, ಲೋಟದಲ್ಲಿ ಕೆಸರು ನಿಲ್ಲುತ್ತದೆ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ೬೦೦ ಮಿಲಿಲೀಟರ್ ಗಟ್ಟಿ ಕಷಾಯ ಸಿಗುತ್ತದೆ. ಅಷ್ಟೇ ನೀರು ಅಥವಾ ಹಾಲು ಬೆರೆಸಿದರೆ ಆರು ಲೋಟ. ದೆಹಲಿಯ ಬೇಸಗೆಯಲ್ಲಿ ಜಾಡಿಯನ್ನು ಹೊರಗಿಡುವ ಸಾಹಸ ಬೇಡ. ಕುದಿಯದ ಪಾನೀಯ ಬೇಗ ಕೆಡುತ್ತದೆ. ಸೋಸಿದ ಮೇಲೂ ಫ್ರಿಜ್ಜಿನಲ್ಲೇ ಇಟ್ಟು ಎರಡು ಮೂರು ದಿನದಲ್ಲಿ ಮುಗಿಸುವುದು ಕ್ಷೇಮ.

ಇದರ ಗುಣ ಮೃದುತ್ವ. ಕಹಿ ಕಡಿಮೆ, ಬಾಯಲ್ಲಿ ತುಂಬಿದಂತಿರುವ ಮೈಕಟ್ಟು, ಚಾಕೊಲೇಟು ಮತ್ತು ಹುರಿದ ಗೋಡಂಬಿಯನ್ನು ನೆನಪಿಸುವ ರುಚಿ. ದೋಷ ಎರಡು. ಒಂದು, ಬೀಜ ಹೆಚ್ಚು ಬೇಕು. ಲೋಟಕ್ಕೆ ೧೬-೧೭ ಗ್ರಾಂ ಎಂಬ ಲೆಕ್ಕ ಕೇಳಿ ನಮ್ಮ ಮನೆಯವರು, "ಇಷ್ಟರಲ್ಲಿ ಎರಡು ಹೊತ್ತಿನ ಕಾಫಿ ಆಗ್ತಿತ್ತು" ಎಂದರು. ಎರಡು, ಎಲ್ಲ ಬೀಜವೂ ಒಂದೇ ತೆರನಾಗಿ ತೋರುವ ಅಪಾಯ. ಚಿಕ್ಕಮಗಳೂರಿನ ಎತ್ತರದ ತೋಟದ, ತೆಳ್ಳಗೆ ಹುರಿದ ದುಬಾರಿ ಅರೇಬಿಕಾವನ್ನು ಹೀಗೆ ನೆನೆಸಿದಾಗ ಅದರ ಹೂವಿನಂಥ ಪರಿಮಳ, ಹಣ್ಣಿನ ಹುಳಿ ಎರಡೂ ಮಾಯವಾದವು. ರೇಷ್ಮೆ ಸೀರೆಯನ್ನು ಕತ್ತಲಲ್ಲಿ ಉಟ್ಟಂತಾಯಿತು.

ಹಾಗಾದರೆ ಇದಕ್ಕೆ ತಕ್ಕ ಬೀಜ ಯಾವುದು? ಇಲ್ಲಿ ಬೀಜದ ಹೆಸರುಗಳ ಬಗ್ಗೆ ಒಂದು ಮಾತು. ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಅರೇಬಿಕಾಕ್ಕೆ 'ಪ್ಲಾಂಟೇಶನ್' ಎಂದೂ, ಹಣ್ಣನ್ನು ಇಡಿಯಾಗಿ ಒಣಗಿಸಿದ್ದಕ್ಕೆ 'ಚೆರ್ರಿ' ಎಂದೂ, ತೊಳೆದ ರೊಬಸ್ಟಾಕ್ಕೆ 'ಪಾರ್ಚ್‌ಮೆಂಟ್' ಎಂದೂ ವ್ಯಾಪಾರದಲ್ಲಿ ಹೆಸರು. ನಮ್ಮವರು ಅಂಗಡಿಯಲ್ಲಿ ಮಂತ್ರದಂತೆ ಹೇಳುವ 'ಪೀಬೆರಿ, ಪ್ಲಾಂಟೇಶನ್ ಎ' ಎರಡೂ ತಳಿಯ ಹೆಸರುಗಳಲ್ಲ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ದುಂಡಗೆ ಬೆಳೆದರೆ ಅದು ಪೀಬೆರಿ. 'ಎ' ಎಂಬುದು ಜರಡಿಯ ಗಾತ್ರ. ನೆನೆಸುವ ವಿಧಾನಕ್ಕೆ ಮಧ್ಯಮಕ್ಕಿಂತ ತುಸು ಹೆಚ್ಚು ಹುರಿದ ಅರೇಬಿಕಾ ಚೆರ್ರಿ ಚೆನ್ನ. ಇನ್ನೂ ಚೆನ್ನ, ಮಾನ್ಸೂನ್ಡ್ ಮಲಬಾರ್. ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ವಾರಗಟ್ಟಲೆ ಒಡ್ಡಿದ ಈ ಬೀಜ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ತನ್ನ ಹುಳಿಯನ್ನು ಕಳೆದುಕೊಂಡಿರುತ್ತದೆ. ಹುಳಿಯನ್ನು ಎಬ್ಬಿಸದ ವಿಧಾನಕ್ಕೆ ಹುಳಿಯಿಲ್ಲದ ಬೀಜ. ಗಂಡುಹೆಣ್ಣಿನ ಜಾತಕ ಕೂಡಿದಂತೆ. ಹಾಲು ಬೆರೆಸುವವರು ಐದರಲ್ಲಿ ಒಂದು ಪಾಲು ತೊಳೆದ ರೊಬಸ್ಟಾ ಸೇರಿಸಿದರೆ ಹಾಲಿನಲ್ಲಿ ಕಾಫಿ ಮುಳುಗುವುದಿಲ್ಲ.

ಚಿಕೋರಿ? ನೆನೆಸಿದ ಕಾಫಿಯನ್ನು ಹಾಲಿಲ್ಲದೆ ಕುಡಿಯುವುದಾದರೆ ಚಿಕೋರಿ ಬೇಡವೇ ಬೇಡ. ಅದರ ಅಂಶ ತಣ್ಣೀರಿಗೂ ಸುಲಭವಾಗಿ ಬಿಡುತ್ತದೆ, ಕಾಫಿಯದು ನಿಧಾನ. ಹೀಗಾಗಿ ಓಟದಲ್ಲಿ ಚಿಕೋರಿಯೇ ಗೆಲ್ಲುತ್ತದೆ. ಆದರೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಚಿಕೋರಿ ಸೇರಿಸಿಯೇ ನೆನೆಸಿ, ಹಾಲು ಬೆರೆಸಿ, ಐಸು ಹಾಕಿ ಕುಡಿಯುವ ವಾಡಿಕೆ ಇದೆ. ಹಾಲಿನೊಡನೆ ಹತ್ತರಲ್ಲಿ ಒಂದು ಪಾಲು ನಮ್ಮ ನಾಲಗೆಗೂ ಒಪ್ಪಿತು. ಅದಕ್ಕಿಂತ ಹೆಚ್ಚಾದರೆ ಬೆಲ್ಲದ ಕಷಾಯ.

ಎರಡನೆಯದು ಹನಿಸುವ ವಿಧಾನ. ಜಪಾನಿನ ಕ್ಯೋಟೋ ನಗರದ ಹೆಸರಿನಲ್ಲಿ ಇದು ಪ್ರಸಿದ್ಧ. ಎತ್ತರದ ಗಾಜಿನ ಗೋಪುರದ ಮೇಲ್ಭಾಗದಿಂದ ಐಸಿನ ನೀರು ಪುಡಿಯ ಮೇಲೆ ಹನಿಹನಿಯಾಗಿ ಬೀಳುತ್ತದೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದರೆ ಅರ್ಧ ಲೀಟರಿಗೆ ಹತ್ತು ಸಾವಿರ ಹನಿ. ಎರಡು ಸೆಕೆಂಡಿಗೊಂದರಂತೆ ಬಿದ್ದರೆ ಐದೂವರೆ ಗಂಟೆ. ನೆನೆಸುವುದಕ್ಕೂ ಇದಕ್ಕೂ ಇರುವ ಭೇದವೇನೆಂದರೆ, ಜಾಡಿಯಲ್ಲಿ ನೀರು ಸಾಂದ್ರವಾಗುತ್ತ ಹೋದಂತೆ ಪುಡಿಯಿಂದ ಸೆಳೆಯುವ ಶಕ್ತಿ ಕುಗ್ಗುತ್ತದೆ. ಇಲ್ಲಿ ಪ್ರತಿ ಹನಿಯೂ ಹೊಸ ನೀರು. ಆದ್ದರಿಂದ ರುಚಿ ತಿಳಿ, ಸ್ಪಷ್ಟ; ದ್ರಾಕ್ಷಾರಸದ ಛಾಯೆ. ತೊಳೆದ ಅರೇಬಿಕಾವನ್ನು ಮಧ್ಯಮವಾಗಿ ಹುರಿದು, ಚಿರೋಟಿ ರವೆಗಿಂತ ತುಸು ದಪ್ಪಗೆ ಬೀಸಿದ್ದು ಇದಕ್ಕೆ ಹೊಂದುತ್ತದೆ.

ಯೋಚಿಸಿ ನೋಡಿದರೆ ಈ ಗೋಪುರ ನಮ್ಮ ಫಿಲ್ಟರಿನ ದೂರದ ನೆಂಟ. ಮೇಲಿಂದ ನೀರು, ನಡುವೆ ಪುಡಿ, ಕೆಳಗೆ ಹನಿ. ನಾವು ಫಿಲ್ಟರಿನ ಮೇಲಿನ ಪಾತ್ರೆಗೆ ಪುಡಿ ಹಾಕಿ, ಒತ್ತುಬಿಲ್ಲೆಯ ಮೇಲೆ ಬಿಸಿನೀರಿನ ಬದಲು ಐಸಿನ ತುಂಡುಗಳನ್ನು ತುಂಬಿಟ್ಟೆವು. ಐಸು ಕರಗಿದ ಹಾಗೆ ಇಳಿದ ಕಾಫಿ ಒಂದು ಚಿಕ್ಕ ಲೋಟದಷ್ಟು, ತೆಳುವಾಗಿದ್ದರೂ ನಿರ್ಮಲ. ಎದುರುಮನೆಯ ಮಿತ್ರರು ಎರಡು ಸಲ ಕೇಳಿ ಕುಡಿದರು. ಆದರೂ ನಮ್ಮ ತೀರ್ಪು: ಇದು ರಜೆಯ ದಿನದ ವಿನೋದವೇ ಹೊರತು ಸಂಸಾರಿಗಳ ನಿತ್ಯದ ಕಾಫಿಯಲ್ಲ.

ಮೂರನೆಯದು ಬಿಸಿಯಾಗಿ ಇಳಿಸಿ ತಕ್ಷಣ ತಣಿಸುವುದು. ಇದನ್ನೂ ಜಪಾನಿನವರ ಹೆಸರಿನಲ್ಲೇ ಕರೆಯುತ್ತಾರೆ. ಕಾಗದದ ಸೋಸುಕದಲ್ಲಿ ೨೦ ಗ್ರಾಂ ಪುಡಿಯಿಟ್ಟು ೧೮೦ ಮಿಲಿಲೀಟರ್ ಬಿಸಿನೀರನ್ನು ನಿಧಾನವಾಗಿ ಹೊಯ್ಯಬೇಕು. ಕೆಳಗಿನ ಪಾತ್ರೆಯಲ್ಲಿ ೧೨೦ ಗ್ರಾಂ ಐಸು. ಬಿ.ಎಸ್ಸಿ. ಇಲ್ಲಿ ಕೆಲಸಕ್ಕೆ ಬಂತು. ಪುಡಿ ೪೦ ಮಿಲಿಲೀಟರ್ ಹಿಡಿದುಕೊಂಡು ೧೪೦ ಇಳಿಯುತ್ತದೆ. ಅದು ೮೦ ಡಿಗ್ರಿಯಲ್ಲಿದೆಯೆಂದೂ, ಒಂದು ಗ್ರಾಂ ಐಸು ಕರಗಲು ೮೦ ಕ್ಯಾಲೊರಿ ಬೇಕೆಂದೂ ಲೆಕ್ಕ ಹಾಕಿದರೆ, ಐಸೆಲ್ಲ ಕರಗಿ ಕಾಫಿ ಸುಮಾರು ೬ ಡಿಗ್ರಿಗೆ ಬಂದು ನಿಲ್ಲುತ್ತದೆ. ಥರ್ಮಾಮೀಟರು ೭ ತೋರಿಸಿತು. ಇಲ್ಲಿ ಐಸು ಕಾಫಿಯನ್ನು ನೀರು ಮಾಡುವ ಶತ್ರುವಲ್ಲ, ಲೆಕ್ಕದೊಳಗಿನ ನೀರೇ. ಸಂಘದ ಸಭೆಯಲ್ಲಿ ಆದ ಮೊದಲ ತಪ್ಪು ಇದು: ಐಸನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬಿಸಿನೀರು ಹೊರಡಿಸಿದ ಪರಿಮಳ ಹಾರಿಹೋಗುವ ಮೊದಲೇ ತಣ್ಣಗಾಗುವುದರಿಂದ ಬೀಜದ ನಿಜಗುಣ ಇಲ್ಲಿ ಬಯಲಾಗುತ್ತದೆ. ಬಾಬಾಬುಡನ್‌ಗಿರಿಯ ಅಥವಾ ಚಿಕ್ಕಮಗಳೂರಿನ ತೊಳೆದ ಅರೇಬಿಕಾ, ಅದರಲ್ಲೂ ಎಸ್. ೭೯೫ ತಳಿ, ಇಲ್ಲವೇ ಇಥಿಯೋಪಿಯ ಮೂಲದ ರಕ್ತವಿರುವ ಸೆಲೆಕ್ಷನ್ ೯, ತೆಳುವಿನಿಂದ ಮಧ್ಯಮ ಹುರಿತದಲ್ಲಿ ಇದಕ್ಕೆ ಶ್ರೇಷ್ಠ. ಹುರಿದು ಒಂದು ತಿಂಗಳು ಮೀರಿರಬಾರದು. ಊರಿನಿಂದ ರೈಲಿನಲ್ಲಿ ತಂದು ಮೂರು ತಿಂಗಳು ಡಬ್ಬಿಯಲ್ಲಿ ಕಾಪಾಡಿದ ಪುಡಿ ಇಲ್ಲಿ ನಿರ್ದಾಕ್ಷಿಣ್ಯವಾಗಿ ಸಿಕ್ಕಿಬೀಳುತ್ತದೆ. ರೊಬಸ್ಟಾ ಈ ವಿಧಾನಕ್ಕೆ ಸಲ್ಲದು. ಕಹಿ ಮುಂದೆ ಬಂದು ನಿಲ್ಲುತ್ತದೆ.

ನಾಲ್ಕನೆಯದು ನಮ್ಮ ಡಿಕಾಕ್ಷನ್ನಿನ ದಾರಿ. ಇದನ್ನು ತಿರಸ್ಕರಿಸಬೇಕಾಗಿಲ್ಲ, ಆದರೆ ಡಿಕಾಕ್ಷನ್ ಆಗತಾನೇ ಇಳಿದದ್ದಾಗಿರಬೇಕು. ಹೊತ್ತು ಕಳೆದಂತೆ ಬಿಸಿ ಡಿಕಾಕ್ಷನ್ನಿನಲ್ಲಿ ಕೆಲವು ಸಂಯುಕ್ತಗಳು ಒಡೆದು ಆಮ್ಲಗಳಾಗುತ್ತವೆ, ಪರಿಮಳ ಹಾರುತ್ತದೆ, ಗಾಳಿ ಉಳಿದದ್ದನ್ನು ಕೆಡಿಸುತ್ತದೆ. ಸಭೆಯ ಎರಡನೆಯ ತಪ್ಪು ಇದು. ಇಳಿದ ಕೂಡಲೆ ಪಾತ್ರೆಯನ್ನು ಐಸುನೀರಿನಲ್ಲಿಟ್ಟು ತಣಿಸಿ, ಕಾಯಿಸಿ ಆರಿಸಿದ ತಣ್ಣನೆಯ ಗಟ್ಟಿ ಹಾಲು ಬೆರೆಸಿದರೆ ಅದು ಬೇರೆಯೇ ಕಾಫಿ. ಪೀಬೆರಿ ಮತ್ತು ಪ್ಲಾಂಟೇಶನ್ ಎ ಸಮಪಾಲು, ಚಿಕೋರಿ ಬೇಕೇಬೇಕೆನ್ನುವವರಿಗೆ ಶೇಕಡಾ ಹತ್ತು. ತಣ್ಣಗಿರುವಾಗ ನಾಲಗೆಗೆ ಸಿಹಿ ಕಡಿಮೆ ತೋರುತ್ತದೆ, ಸಕ್ಕರೆಯೂ ಬೇಗ ಕರಗದು. ಪಾಕ ಮಾಡಿಟ್ಟುಕೊಂಡು ಬೆರೆಸಬೇಕು. ಅದು ಮೂರನೆಯ ತಪ್ಪಿನ ಪರಿಹಾರ.

ಹಿರಿಯರ ತಪ್ಪನ್ನು ಹೇಳಿದಂತೆ ಎಳೆಯರ ಭ್ರಮೆಯನ್ನೂ ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾದೀತು. ತಣ್ಣೀರ ಕಾಫಿಯಲ್ಲಿ ಆಮ್ಲವೇ ಇಲ್ಲ, ಹೊಟ್ಟೆಗೆ ಹಿತ ಎಂದು ಬಾಟಲಿಗಳ ಮೇಲೆಯೇ ಬರೆದಿರುತ್ತಾರೆ. ೨೦೧೮ರಲ್ಲಿ ಫಿಲಡೆಲ್ಫಿಯದ ಇಬ್ಬರು ಸಂಶೋಧಕಿಯರು ಪ್ರಕಟಿಸಿದ ಅಧ್ಯಯನದಲ್ಲಿ ಬಿಸಿ ಮತ್ತು ತಣ್ಣೀರ ಕಾಫಿಗಳ ಪಿ.ಎಚ್. ಮೌಲ್ಯ ಹೆಚ್ಚು ಕಡಿಮೆ ಒಂದೇ, ೪.೮೫ರಿಂದ ೫.೧೩ರ ಒಳಗೆ, ಒಟ್ಟು ಆಮ್ಲಗಳ ಪ್ರಮಾಣ ಮಾತ್ರ ಬಿಸಿಯದರಲ್ಲಿ ಹೆಚ್ಚು. ಹಿತವೆಂದು ನಾಲಗೆ ಹೇಳುವುದು ಸರಿ, ಹೊಟ್ಟೆಯ ಪರವಾಗಿ ಬಾಟಲಿ ಸಾಕ್ಷಿ ಹೇಳುವುದು ಸರಿಯಲ್ಲ. ಮೃದುವಾಗಿದೆಯೆಂದು ಮೂರು ಲೋಟ ಕುಡಿಯುವುದೂ ವಿವೇಕವಲ್ಲ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇಕಡಾ ೧.೨, ರೊಬಸ್ಟಾದಲ್ಲಿ ೨.೨. ನಾವು ಹೇಳಿದ ಅಳತೆಯಲ್ಲಿ ಲೋಟಕ್ಕೆ ಅರೇಬಿಕಾ ಆದರೆ ೧೫೦ ಮಿಲಿಗ್ರಾಂ, ಬರೀ ರೊಬಸ್ಟಾ ಆದರೆ ೨೭೫ ಮಿಲಿಗ್ರಾಂವರೆಗೆ ಬರಬಹುದು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ೪೦೦ ಮಿಲಿಗ್ರಾಂವರೆಗೆ ಬಾಧಕವಿಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ೨೦೧೫ರಲ್ಲಿ ಹೇಳಿತು.

ನಮ್ಮ ದೊಡ್ಡ ಆಕ್ಷೇಪ ಇನ್ನೊಂದಿದೆ. ಪೇಟೆಯಲ್ಲಿ ನಾವು ಕೊಂಡು ನೋಡಿದ ಬಾಟಲಿಗಳಲ್ಲಿ ಎಷ್ಟೋ ಬಾಟಲಿಗಳು ವಿಧಾನವನ್ನು ದೊಡ್ಡಕ್ಷರದಲ್ಲಿ ಸಾರುತ್ತವೆ, ಬೀಜವನ್ನು ಹೇಳುವುದೇ ಇಲ್ಲ. ಯಾವ ಜಿಲ್ಲೆ, ಅರೇಬಿಕಾವೋ ರೊಬಸ್ಟಾವೋ, ತೊಳೆದದ್ದೋ ಒಣಗಿಸಿದ್ದೋ, ಹುರಿದದ್ದು ಯಾವಾಗ? ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಶೇಕಡಾ ೫೧ಕ್ಕೆ ಕಡಿಮೆಯಿರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು ಎಂದು ಕಾನೂನಿದೆ. ಅದನ್ನಾದರೂ ಓದಿ ಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ದೇಶದ ಕಾಫಿಯಲ್ಲಿ ಸುಮಾರು ಶೇಕಡಾ ೭೦ ಬೆಳೆಯುವುದು ನಮ್ಮ ನಾಡಿನಲ್ಲಿ. ಬಾಬಾಬುಡನ್‌ ಏಳು ಬೀಜ ತಂದರೆಂಬ ಐತಿಹ್ಯ ಹೇಳಿ ಹೆಮ್ಮೆಪಡುತ್ತೇವೆ. ೨೦೧೯ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಹೊರನಾಡಿನ ನಾವು ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳದಿದ್ದರೆ ಆ ಮಾನ್ಯತೆ ಕಾಗದದಲ್ಲೇ ಉಳಿಯುತ್ತದೆ.

ನಾಲ್ಕನೆಯ ಭಾನುವಾರ ಆ ಹಿರಿಯರನ್ನು ಮನೆಗೆ ಕರೆದೆವು. ಮಗಳೇ ಐಸಿನ ಮೇಲೆ ಇಳಿಸಿದ ಚಿಕ್ಕಮಗಳೂರಿನ ಕಾಫಿಯನ್ನು, ಹಾಲು ಸಕ್ಕರೆ ಹಾಕದೆ ಕೊಟ್ಟಳು. ಅವರು ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ಕಾಫೀನೇ ಕಣಮ್ಮ. ಅವತ್ತು ನಾನಂದದ್ದು ವಾಪಸ್ ತಗೋತೀನಿ" ಎಂದರು. ಆಮೇಲೆ ಜಾಡಿಯಲ್ಲಿ ನೆನೆಸಿದ್ದನ್ನೂ ರುಚಿ ನೋಡಿ, "ಚೆನ್ನಾಗಿದೆ. ಆದರೆ ರಾತ್ರಿಯೆಲ್ಲ ಫ್ರಿಜ್ಜಲ್ಲಿ ಕೂತಿದ್ರೂ ಮನೆ ಘಂ ಅನ್ನಲಿಲ್ಲವಲ್ಲ" ಎಂದರು.

ಆ ಮಾತಿಗೆ ನಮ್ಮ ಮಗಳ ಬಳಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಇಲ್ಲ. ಬೆಳಗಿನ ಜಾವ ಫಿಲ್ಟರಿನಿಂದೇಳುವ ಪರಿಮಳದಿಂದಲೇ ಮಹಡಿಯ ಮೆಟ್ಟಿಲಲ್ಲಿ ಇದು ಕನ್ನಡದವರ ಮನೆಯೆಂದು ಹಲವರು ಗುರುತಿಸುತ್ತಾರೆ. ತಣ್ಣೀರು ಆ ಒಂದನ್ನು ಕೊಡಲಾರದು. ಆದ್ದರಿಂದ ನಮ್ಮ ತೀರ್ಪು ಇಷ್ಟು: ಬೆಳಿಗ್ಗೆ ಫಿಲ್ಟರು ತನ್ನ ಜಾಗದಲ್ಲಿರಲಿ; ಬೇಸಗೆಯ ಮಧ್ಯಾಹ್ನಕ್ಕೆ ಹಾಲಿಲ್ಲದೆ ಕುಡಿಯುವವರಿಗೆ ತೊಳೆದ ಅರೇಬಿಕಾ ಐಸಿನ ಮೇಲೆ, ಹಾಲು ಬೇಕೆನ್ನುವವರಿಗೆ ಮಾನ್ಸೂನ್ಡ್ ಮಲಬಾರ್ ಅಥವಾ ಚೆರ್ರಿ ಜಾಡಿಯಲ್ಲಿ. ಬರುವ ಮೇ ತಿಂಗಳ ಸಭೆಗೆ ನೂರು ಲೋಟಕ್ಕೆ ನೆನೆಸುವ ವಿಧಾನವೇ ಅನುಕೂಲ. ೧,೭೦೦ ಗ್ರಾಂ ತರಿಪುಡಿ, ಹಿಂದಿನ ಸಂಜೆ ಎರಡು ಮನೆಗಳ ಫ್ರಿಜ್ಜು. ಒಂದು ಫ್ರಿಜ್ಜು ನಮ್ಮದು. ಇನ್ನೊಂದನ್ನು ಆ ಹಿರಿಯರು ಈಗಾಗಲೇ ಒಪ್ಪಿಕೊಂಡಿದ್ದಾರೆ.